ಕಂಡದ್ದಕ್ಕೆ ಕಾಣಿಕೆ

ಫೆಬ್ರವರಿ 19

ಅಕ್‌ಬೋಪೆ ಇವತ್ತು ತನ್ನ ಕಂಪ್ಯೂಟರಿನ ಪರದೆಗೆ ಬಿಳಿ ಶಾಲು ಹೊದಿಸಿ ಕೂತಿದ್ದಳು, ಮನೆಗೆ ಬಂದ ಹೊಸ ಸೊಸೆಯ ಮುಖಕ್ಕೆ ಹೊದಿಸುವ ಹಾಗೆ. ಕಾಣಿಕೆ ಕೊಟ್ಟವರಿಗೆ ಮಾತ್ರ ಶಾಲು ಸರಿಸಿ ತೋರಿಸುತ್ತಾಳಂತೆ. ಕೂಸನ್ನೋ ಸೊಸೆಯನ್ನೋ ಮೊದಲ ಸಲ ನೋಡುವವರು ಕೊರಿಮ್ದಿಕ್, ಅಂದರೆ ಕಂಡದ್ದಕ್ಕೆ ಕಾಣಿಕೆ, ಕೊಡುವುದು ಸರಿ. ನೆಲದೊಳಗಿನ ಚಿತ್ರಕ್ಕೆ ಕೊರಿಮ್ದಿಕ್ ಕೇಳಿದವರನ್ನು ನಾನು ಕಂಡಿಲ್ಲ. ಆದರೂ ಇಡೀ ಆಫೀಸು ಸಾಲುಗಟ್ಟಿತ್ತು. ನಿರ್ದೇಶಕ ತುರಾರ್ ಚಾಕೊಲೇಟ್ ಡಬ್ಬಿ ತಂದ. ಲೆಕ್ಕಪತ್ರದ ಹೆಂಗಸರು ಉಣ್ಣೆಯ ಕಾಲುಚೀಲ ತಂದರು. ಶಾಲು ಸರಿದಾಗಲೆಲ್ಲ ಆ ಕಡೆಯಿಂದ ಒಂದು ಉದ್ಗಾರ ಬರುತ್ತಿತ್ತು. ಉದ್ಗರಿಸಿದವರಲ್ಲಿ ಅರ್ಧ ಜನಕ್ಕೆ ಉಪ್ಪಿಗೂ ಸುಣ್ಣಕಲ್ಲಿಗೂ ವ್ಯತ್ಯಾಸ ಗೊತ್ತಿಲ್ಲ.

"ಎಸೆಕೆ, ನೀವು ಬರಲ್ವಾ?" ಎಂದು ಅಕ್‌ಬೋಪೆ ಅಲ್ಲಿಂದಲೇ ಕೂಗಿದಳು. ಎಸ್ಬೊಲ್ ಎಂಬ ನನ್ನ ಹೆಸರನ್ನು ಗೌರವಕ್ಕೆಂದು ಹೀಗೆ ಮೊಟಕು ಮಾಡುತ್ತಾರೆ. ಗೌರವ ಅಂದರೆ ವಯಸ್ಸಾಯಿತು ಅಂತ. "ನಿಮಗಾದ್ರೆ ಅರ್ಧ ಕಾಣಿಕೆ ಸಾಕು!"

"ನನ್ ಕಣ್ಣು ಸರಿ ಇಲ್ಲಮ್ಮ. ಡಾಕ್ಟ್ರು ಹೊಸದೇನೂ ನೋಡ್ಬೇಡಿ ಅಂದಿದಾರೆ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜಾಸ್ತಿ ಅವಳೇ ನಕ್ಕಳು. ಅದೂ ಹಿಡಿಸಲಿಲ್ಲ.

ಫೆಬ್ರವರಿ 21

ಬರೆದಿಡುವುದು ಒಳ್ಳೆಯದು, ಮುಂದೆ ನಾನೇ ಬೇರೆ ಹೇಳದ ಹಾಗೆ.

ಎಣ್ಣೆ ಹುಡುಕಲು ನೆಲವನ್ನು ಗುದ್ದಿ, ಆಳದಿಂದ ಮರಳುವ ಕಂಪನಗಳನ್ನು ಕೂಡಿಸಿ ಚಿತ್ರ ಮಾಡುವುದು ನಮ್ಮ ಕಸುಬು. ಅಕ್ತಾಮ್ ಬಯಲಿನಡಿ, ಐದು ಕಿಲೋಮೀಟರ್ ಆಳದಲ್ಲಿ, ಉಪ್ಪಿನ ಗುಡ್ಡದ ಕೆಳಗೆ ಒಂದು ಡುಬ್ಬ ಇದೆ ಎಂದು ತೊಂಬತ್ತನಾಲ್ಕರಲ್ಲಿ ತೋರಿಸಿದವನು ನಾನು. ಹೆಣ್ಣೊಂಟೆಯ ಬೆನ್ನಿನ ಹಾಗಿತ್ತು. ಬೋಜಿಂಗೆನ್, ಬೂದು ಒಂಟೆ, ಎಂದು ಹೆಸರಿಟ್ಟೆ. ನಕ್ಷೆಯಲ್ಲಿ ಇವತ್ತಿಗೂ ಆ ಹೆಸರಿದೆ. ಅಷ್ಟು ಆಳಕ್ಕೆ ಕೊರೆಯುವ ಯೋಗ ಮಾತ್ರ ಯಾರಿಗೂ ಕೂಡಿಬರಲಿಲ್ಲ. ಈಗ ಬಂದಿದೆ. ಒಂದು ಬಾವಿ, ಒಂದೇ. ಏಪ್ರಿಲ್ ಸಭೆಯಲ್ಲಿ ಜಾಗ ಗೊತ್ತುಮಾಡುತ್ತಾರೆ. ನನ್ನ ಒಂಟೆಯ ಬೆನ್ನ ಮೇಲೋ, ಅಕ್‌ಬೋಪೆ ಬೆರಳಿಟ್ಟಲ್ಲೋ.

ಉಪ್ಪಿನೊಳಗೆ ಸದ್ದು ಸುತ್ತಲ ಕಲ್ಲಿಗಿಂತ ಬೇಗ ಓಡುತ್ತದೆ. ಬೇಗ ಬಂದದ್ದನ್ನು ನಾವು ಹತ್ತಿರದ್ದೆಂದು ತಿಳಿಯುತ್ತೇವೆ. ಹಾಗಾಗಿ ದಪ್ಪ ಉಪ್ಪಿನ ಕೆಳಗೆ ಚಪ್ಪಟೆ ನೆಲವೂ ಉಬ್ಬಿದಂತೆ ಕಾಣುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಉಬ್ಬನ್ನು ಆಗಲೇ ಕಳೆದಿದ್ದೆ. ಸಾಕಷ್ಟು ಕಳೆದಿಲ್ಲ ಅನ್ನುತ್ತಾಳೆ ಅಕ್‌ಬೋಪೆ. ನನ್ನ ಒಂಟೆ ಉಪ್ಪು ಹೇಳಿದ ಸುಳ್ಳು ಎಂದು ಅವಳು ಬಾಯಿಬಿಟ್ಟು ಹೇಳಿಲ್ಲ. ಅಷ್ಟು ಮರ್ಯಾದೆ ಇದೆ. ಆ ಮರ್ಯಾದೆಯನ್ನೇ ಸಹಿಸುವುದು ಕಷ್ಟ.

ಫೆಬ್ರವರಿ 24

ಹೆಂಡತಿ ಬಾಲ್ಜಿಯಾ ಚಹಾಕ್ಕೆ ಹಾಲು ಬೆರೆಸುತ್ತ ಕೇಳಿದಳು: "ಅಲ್ರೀ, ಈ ಅಕ್‌ಬೋಪೆ ನೋಡಕ್ಕೆ ಹೇಗಿದಾಳೆ?"

"ಯಾಕೆ?"

"ಒಂದು ಬಟ್ಟಲು ಚಾ ಮುಗಿಯೋದ್ರೊಳಗೆ ಎಷ್ಟು ಸಲ ಅವಳ ಹೆಸರು ಹೇಳಿದ್ರಿ ಗೊತ್ತಾ? ಮದುವೆಗೆ ಮುಂಚೆ ನನ್ ಹೆಸರೂ ಅಷ್ಟು ಸಲ ಹೇಳಿದ್ದಿಲ್ಲ."

"ನನ್ನ ಹೊಟ್ಟೆ ಉರಿಸ್ತಾಳೆ, ಅದಕ್ಕೆ."

"ನಾನು ಹೇಳಿದ್ದೂ ಅದನ್ನೇ. ಯಾವ ಕಟ್ಟಿಗೆ ಅಂತ ಒಲೆ ಕೇಳತ್ತಾ? ಉರಿದ್ರೆ ಸಾಕು."

ಮೂವತ್ತು ವರ್ಷ ಜೊತೆಗಿದ್ದವಳಿಗೂ ಅರ್ಥವಾಗುವುದಿಲ್ಲ. ಅಕ್‌ಬೋಪೆಯ ಹಲ್ಲುಗಳ ನಡುವೆ ಸಂದಿ ಇದೆ, ನಡೆಯುವಾಗ ಹಿಮ್ಮಡಿ ಎಳೆಯುತ್ತಾಳೆ. ಇದನ್ನು ಹೇಳಬಹುದಿತ್ತು, ಹೇಳಲಿಲ್ಲ.

ಫೆಬ್ರವರಿ 28

ನೋಡಿದೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಕಿಟಕಿ ಮುಚ್ಚಲೆಂದು ಅವಳ ಮೇಜಿನ ಹತ್ತಿರ ಹೋದೆ. ಕಿಟಕಿ ಮುಚ್ಚಿಯೇ ಇತ್ತು. ಶಾಲು ಸರಿಸಿದೆ.

ಉಪ್ಪಿನ ಗುಡ್ಡದ ಅಂಚುಗಳು, ನನ್ನ ಚಿತ್ರದಲ್ಲಿ ಬರೀ ಮಂಜಾಗಿದ್ದವು, ಇಲ್ಲಿ ಕತ್ತಿಯಿಂದ ಬಿಡಿಸಿದ ಹಾಗಿವೆ. ಗುಡ್ಡ ಒಂದು ಕಡೆ ಚಪ್ಪರದ ಹಾಗೆ ಹೊರಚಾಚಿದೆ. ಅಲ್ಲಿ ಹಾಗೊಂದು ಚಾಚು ಇದೆಯೆಂದು ನನಗೆ ಹೊಳೆದೇ ಇರಲಿಲ್ಲ. ಅದರ ಕೆಳಗೆ ನನ್ನ ಒಂಟೆ ಇರಬೇಕಾದಲ್ಲಿ ಬಯಲು. ಚೈತ್ರದ ಹುಲ್ಲುಗಾವಲಿನಷ್ಟು ಚಪ್ಪಟೆ. ಇನ್ನೂ ಪಶ್ಚಿಮಕ್ಕೆ, ನಾನು ಯಾವತ್ತೂ ಗಮನಿಸದ ಕಡೆ, ಹಳೆಯ ಕಡಲಿನ ಹವಳದ ದಿಬ್ಬವೊಂದು ಎದ್ದಿದೆ.

ಹೊಸದನ್ನು ಕಂಡಾಗ ಕಣ್ಣು ತಾಗದಿರಲಿ ಎನ್ನಬೇಕು. ನಾನು ಅನ್ನಲಿಲ್ಲ. ಕಾಣಿಕೆಯನ್ನೂ ಇಡಲಿಲ್ಲ. ಶಾಲನ್ನು ಮೊದಲಿನಂತೆ ಹೊದಿಸಿ ಬಂದೆ. ಮಡಿಕೆ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಸಂಜೆಯವರೆಗೂ ಯೋಚಿಸಿದೆ.

ಮಾರ್ಚ್ 3

ಅದು ಚೆನ್ನಾಗಿದೆ. ಕೆಟ್ಟದಾಗಿದ್ದರೆ ಅವಳನ್ನು ಕ್ಷಮಿಸಬಹುದಿತ್ತು.

ಮಾರ್ಚ್ 6

ಮೆಟ್ಟಿಲಲ್ಲಿ ತುರಾರ್ ಸಿಕ್ಕ. ಹೆಗಲ ಮೇಲೆ ಕೈ ಹಾಕಿದ. ನನಗಿಂತ ಹತ್ತು ವರ್ಷ ಚಿಕ್ಕವನು, ಅಣ್ಣ ಎಂಬರ್ಥದಲ್ಲಿ ಆಗಾ ಅನ್ನುತ್ತಾನೆ. ಹೆಗಲ ಮೇಲೆ ಕೈ ಹಾಕುವುದನ್ನು ನಿರ್ದೇಶಕನಾದ ಮೇಲೆ ಕಲಿತ.

"ಆಗಾ, ಬೇಜಾರು ಮಾಡ್ಕೋಬೇಡಿ. ನಿಮ್ ಒಂಟೆ ಇಷ್ಟು ವರ್ಷ ನಿಂತಿದ್ಳು, ಈಗ ಕೂತ್ಕೊಂಡ್ಳು ಅಷ್ಟೆ."

"ಕೂತ ಒಂಟೆ ಏಳತ್ತೆ ತುರಾರ್. ಏಳುವಾಗ ಮೊದಲು ಹಿಂಬದಿ ಎತ್ತತ್ತೆ. ಹಿಂದೆ ನಿಂತವರು ಹುಷಾರಾಗಿರ್ಬೇಕು."

ಅವನು ಜೋರಾಗಿ ನಕ್ಕ. ಈ ಆಫೀಸಿನಲ್ಲಿ ನನ್ನ ಕೆಲಸ ಈಗ ನಗಿಸುವುದು ಅಂತ ಕಾಣುತ್ತದೆ.

ಮಾರ್ಚ್ 11

ಸಿಕ್ಕಿತು.

ಹವಳದ ದಿಬ್ಬದ ಪೂರ್ವದ ಹೆಗಲಲ್ಲಿ ಒಂದು ಮೆಟ್ಟಿಲಿದೆ. ದಿಬ್ಬ ಅಲ್ಲೇ ಅತಿ ಎತ್ತರ ಎಂದು ಅಕ್‌ಬೋಪೆ ಬಾವಿಯನ್ನು ಅದರ ಮೇಲೆ ಗುರುತಿಸಿದ್ದಾಳೆ. ಆ ಮೆಟ್ಟಿಲು ನನ್ನನ್ನು ಮೊದಲ ದಿನದಿಂದ ಚುಚ್ಚುತ್ತಿತ್ತು. ಚಿತ್ರದ ಉಳಿದ ಭಾಗವೆಲ್ಲ ಉಸಿರಾಡುತ್ತದೆ, ಅದೊಂದು ಮಾತ್ರ ಬಿಗಿ. ಅವಳ ಲೆಕ್ಕಗಳನ್ನು ತೆಗೆದು (ಆಫೀಸಿನವರು ಯಾರು ಬೇಕಾದರೂ ತೆಗೆಯಬಹುದು) ವಾರವಿಡೀ ಜಾಲಾಡಿದೆ. ಲೆಕ್ಕದಲ್ಲಿ ತಪ್ಪಿಲ್ಲ. ಕೊನೆಗೆ ಇವತ್ತು ಚಿತ್ರದ ಮೇಲೆ ನೆಲದ ನಕ್ಷೆ ಇಟ್ಟೆ. ಮೆಟ್ಟಿಲ ಮೇಲುಗಡೆ ಸರಿಯಾಗಿ ಅಕ್ತಾಮ್ ಗೋರಿಬಯಲು.

ಹೊಸ ಸಮೀಕ್ಷೆಯ ನೆಲ ಗುದ್ದುವ ಲಾರಿಗಳು ಗೋರಿಗಳ ಹತ್ತಿರ ಹೋಗಲಿಲ್ಲ. ಅಲ್ಲಿ ಅವಳ ಚಿತ್ರಕ್ಕೆ ತೂತು ಬಿತ್ತು. ಆ ತೂತನ್ನು ಎಂಬತ್ತೆಂಟರ ಹಳೆಯ ಸಮೀಕ್ಷೆಯ ಕಂಪನಗಳಿಂದ ಹೊಲಿದಿದ್ದಾಳೆ. ಆ ಸಮೀಕ್ಷೆಯಲ್ಲಿ ನಾನಿದ್ದೆ, ಕಾಲೇಜು ಬಿಟ್ಟ ಹೊಸತು. ಮೇಲಿನಿಂದ ಬಂದ ನಕ್ಷೆಯಲ್ಲಿ ಗೆರೆ ಗೋರಿಗಳ ಮೇಲೇ ಹಾದಿತ್ತು. ಕುಳಿ ಕೊರೆದು ಮದ್ದು ಸಿಡಿಸಬೇಕಾಗಿದ್ದದ್ದು ಅಲ್ಲೇ. ಕೊರೆಯುವವರ ಮುಖ್ಯಸ್ಥ ಕೊಸಾಯ್ ಲಾರಿ ನಿಲ್ಲಿಸಿ ಕೆಳಗಿಳಿದ.

"ಅಜ್ಜಂದಿರ ಎದೆ ಮೇಲೆ ಮದ್ದು ಸಿಡಿಸಿ ಎಣ್ಣೆ ಹುಡುಕ್ತೀಯೇನೋ ಮಗಾ?"

"ನಕ್ಷೇಲಿ ಹಾಗಿದೆ, ಆಗಾ."

"ನಕ್ಷೇಲಿ ಗೆರೆ ನೆಟ್ಟಗೇ ಇರ್ಲಿ ಬಿಡು. ಮೇಲಿನವ್ರಿಗೆ ನೆಟ್ಟಗಿನ ಗೆರೆ ಅಂದ್ರೆ ಪ್ರೀತಿ. ಮದ್ದು ಮಾತ್ರ ದಿಣ್ಣೆ ಆಚೆ ಸಿಡೀಲಿ."

ಹಾಗೇ ಆಯಿತು. ಕುಳಿಗಳು ದಕ್ಷಿಣದ ದಿಣ್ಣೆಯಾಚೆ ಹೋದವು, ನಕ್ಷೆಯಲ್ಲಿ ಗೆರೆ ನೆಟ್ಟಗೆ ಉಳಿಯಿತು. ಈ ಸೀಮೆಯಲ್ಲಿ ಹುಟ್ಟಿದ ಯಾರಾದರೂ ಅದನ್ನೇ ಮಾಡುತ್ತಿದ್ದರು, ಅದನ್ನೇ ಬರೆಯದೆ ಬಿಡುತ್ತಿದ್ದರು. ಹಳೆಯ ಟೇಪುಗಳನ್ನು ನಕಲು ಮಾಡಿದವರು ಮದ್ದು ಎಲ್ಲಿ ಸಿಡಿಯಿತೆಂದು ಹೇಳುವ ಮೊದಮೊದಲ ಕಂಪನಗಳನ್ನು ಕತ್ತರಿಸಿ ಹಾಕಿದ್ದಾರೆ, ಹಾಗಾಗಿ ಲೆಕ್ಕದಿಂದ ಇದು ತಿಳಿಯುವಂತಿಲ್ಲ. ಅಲ್ಲಿದ್ದವರಲ್ಲಿ ಈಗ ಇಲ್ಲಿರುವವನು ನಾನೊಬ್ಬನೇ.

ನನ್ನ ತೊಂಬತ್ತನಾಲ್ಕರ ಚಿತ್ರದಲ್ಲೂ ಇದೇ ಕಂಪನಗಳಿದ್ದವು. ಅದು ಎಷ್ಟು ಒರಟಾಗಿತ್ತೆಂದರೆ ಈ ತಪ್ಪು ಅದರಲ್ಲಿ ಕಾಣಲೇ ಇಲ್ಲ. ಅವಳದು ಬಿಳಿ ಮೇಜುಬಟ್ಟೆ, ಅದಕ್ಕೇ ಕಲೆ ಕಾಣುತ್ತದೆ. ನನ್ನದು ಗೋಣಿ.

ಕಂಪನ ಎದ್ದ ಜಾಗ ನಕ್ಷೆಯಲ್ಲಿ ತಪ್ಪು, ಹಾಗಾಗಿ ಮೆಟ್ಟಿಲು ಸುಳ್ಳು. ಅಲ್ಲಿ ಕೊರೆದರೆ ಬಾವಿ ದಿಬ್ಬದ ನೆತ್ತಿಗಲ್ಲ, ಪಕ್ಕೆಗೆ ಇಳಿಯುತ್ತದೆ. ಅಲ್ಲಿ ಸಿಗುವುದು ಎಣ್ಣೆಯಲ್ಲ, ನೀರು.

ಮಾರ್ಚ್ 14

ಅಮಲ್, ನಮ್ಮ ಹೊಸವರ್ಷದ ಹಬ್ಬ. ಮುಂಜಾನೆಯಿಂದ ಮನೆಮನೆ. ಎರಡೂ ಕೈ ಚಾಚುವುದು, ಒಂದು ವಯಸ್ಸು ಜಾಸ್ತಿಯಾಯಿತು ಶುಭವಾಗಲಿ ಅನ್ನುವುದು, ಹಳೆಯ ಮುನಿಸು ಮುಗಿಯಿತು ಅನ್ನುವುದು. ಬಾಲ್ಜಿಯಾ ಎರಡು ವರ್ಷದಿಂದ ಮಾತು ಬಿಟ್ಟಿದ್ದ ನೆರೆಮನೆಯವಳನ್ನು ತಬ್ಬಿಕೊಂಡಳು. ಸಂಜೆಗೆ ಮತ್ತೆ ಬೈಯುತ್ತಿದ್ದಳು, ಆದರೆ ಹೊಸ ವಿಷಯಕ್ಕೆ.

ಆಫೀಸಿನಲ್ಲಿ ಅಕ್‌ಬೋಪೆ ಎರಡೂ ಕೈ ಚಾಚಿ ಬಂದಳು. ನನ್ನ ಎಡಗೈಯಲ್ಲಿ ಚಹಾದ ಬಟ್ಟಲಿತ್ತು. ಇಡಲು ಪಕ್ಕದಲ್ಲೇ ಮೇಜು ಇತ್ತು. ಒಂದೇ ಕೈ ಕೊಟ್ಟೆ.

ಮಾರ್ಚ್ 19

ಯಾರೂ ನನ್ನನ್ನು ಕೇಳಿಲ್ಲ. ಚಿತ್ರವನ್ನು ನಾನು ನೋಡಿಯೇ ಇಲ್ಲವೆಂದು ಎಲ್ಲರೂ ತಿಳಿದಿದ್ದಾರೆ. ನೋಡದ ಚಿತ್ರದ ತಪ್ಪನ್ನು ಹೇಳುವುದು ಹೇಗೆ?

ಬಾವಿ ಅಲ್ಲಿ ಇಳಿಯುತ್ತದೆ. ಒಂದು ವರ್ಷ ಕೊರೆಯುತ್ತಾರೆ. ನೀರು ಬರುತ್ತದೆ. ಅವಳು ಕಾರಿಡಾರಿನಲ್ಲಿ ಹಿಮ್ಮಡಿ ಎಳೆಯುತ್ತ ಹೋಗುತ್ತಾಳೆ, ಯಾರೂ ಅವಳನ್ನು ಕೂಗಿ ಕರೆಯುವುದಿಲ್ಲ. ಆಮೇಲೆ ಒಂದು ದಿನ ತುರಾರ್ ನನ್ನ ಹೆಗಲ ಮೇಲೆ ಕೈ ಹಾಕಿ, ಆಗಾ, ನಿಮ್ಮ ಒಂಟೆಯ ಕಡತ ತೆಗೀರಿ, ಅನ್ನುತ್ತಾನೆ. ಈ ಕೊನೆಯ ದೃಶ್ಯವನ್ನು ಹಲವು ಸಲ ಕಲ್ಪಿಸಿಕೊಂಡೆ. ಪ್ರತಿ ಸಲವೂ ಕಡತ ತೆರೆಯುವ ಹೊತ್ತಿಗೆ ನಿಂತುಹೋಗುತ್ತದೆ. ಒಳಗೆ ಅದೇ ಮಂಜು ಇರುತ್ತದೆ.

ಜಾಯಿಕ್ ನದಿಯ ಮಂಜುಗಡ್ಡೆ ಒಡೆಯುತ್ತಿದೆ. ಇಡೀ ಊರಿಗೆ ಆ ಸದ್ದು.

ಮಾರ್ಚ್ 29

ಮೀನಿಗೆ ಹೋಗುತ್ತೇನೆಂದು ಹೇಳಿ ಅಕ್ತಾಮಿಗೆ ಹೋದೆ.

"ಗಾಳ ಬಿಟ್ಟು ಹೋಗ್ತಿದೀರಲ್ಲ?" ಎಂದು ಬಾಲ್ಜಿಯಾ ಬಾಗಿಲಲ್ಲಿ ಕೂಗಿದಳು. ತಿರುಗಿ ನೋಡಲಿಲ್ಲ.

ಸಾಕ್ಷಿ ಇಟ್ಟುಕೊಳ್ಳುವುದು ಒಳ್ಳೆಯದೆಂದು ಹೋದದ್ದು. ಬೇರೆ ಕಾರಣವಿಲ್ಲ. ಮೆಟ್ಟಿಲು ಸುಳ್ಳೆಂದು ನನಗಾದರೂ ಖಚಿತವಾಗಬೇಕಲ್ಲ.

ದಿಣ್ಣೆಯಾಚೆ ಕುಳಿಗಳು ಇನ್ನೂ ಇವೆ. ಮಣ್ಣು ಕುಸಿದು ಬಟ್ಟಲುಗಳಾಗಿವೆ. ಸುತ್ತ ಬೂದು ಮಾಚಿಪತ್ರೆ, ಒಳಗೆ ಮಾತ್ರ ಹಸಿ ಹುಲ್ಲು, ಹಿಮ ಕರಗಿದ ನೀರು ಅಲ್ಲಿ ನಿಲ್ಲುವುದರಿಂದ. ಒಂದರಿಂದ ಒಂದಕ್ಕೆ ಕೆಸರು ತುಳಿಯುತ್ತ ಹೋಗಿ, ಪ್ರತಿಯೊಂದರ ನಡುವೆ ನಿಂತು ಜಾಗ ಗುರುತು ಹಾಕಿಕೊಂಡೆ. ಗಾಳಿ ಟೋಪಿ ಹಾರಿಸಿತು. ಅದನ್ನು ಅಟ್ಟಿಕೊಂಡು ಓಡಿದ್ದನ್ನು ಯಾರೂ ನೋಡಲಿಲ್ಲ, ದೂರದ ನಾಲ್ಕು ಒಂಟೆಗಳ ಹೊರತು.

ಕೊಸಾಯ್‌ನನ್ನೂ ಗೋರಿಬಯಲಲ್ಲೇ ಹೂಳಿದ್ದಾರೆ. ತಾನು ಕಾಪಾಡಿದ ಜಾಗದಲ್ಲೇ ತನಗೂ ಜಾಗ ಮಾಡಿಕೊಂಡಿದ್ದಾನೆ. ಮಂಡಿಯೂರಿ, ಪ್ರಾರ್ಥನೆ ಹೇಳಿ, ಅಂಗೈಗಳನ್ನು ಮುಖದ ಮೇಲೆ ಸವರಿಕೊಂಡೆ. ಅವನಿದ್ದರೆ ಏನಾದರೂ ಒರಟಾಗಿ ಅನ್ನುತ್ತಿದ್ದ. ಏನು ಅನ್ನುತ್ತಿದ್ದ ಎಂದು ನನಗೆ ಗೊತ್ತು. ಬರೆಯುವುದಿಲ್ಲ.

ಬರುವಾಗ ಸಂತೆಯಲ್ಲಿ ಹೊಗೆಯಾಡಿಸಿದ ಮೀನು ಕೊಂಡೆ.

"ನದೀಲಿ ಈಗ ಮೀನು ಹೊಗೆಯಾಡಿಸ್ಕೊಂಡೇ ಬರ್ತಾವಾ?" ಎಂದಳು ಬಾಲ್ಜಿಯಾ.

ಏಪ್ರಿಲ್ 3

ಕುಳಿಗಳನ್ನು ಅವುಗಳ ನಿಜವಾದ ಜಾಗಕ್ಕೆ ಸರಿಸಿ, ಅವಳದೇ ಲೆಕ್ಕವನ್ನು ನನ್ನ ಯಂತ್ರದಲ್ಲಿ ಮತ್ತೆ ಓಡಿಸಿದೆ. ಇವತ್ತು ಬೆಳಿಗ್ಗೆ ಮುಗಿದಿತ್ತು.

ಮೆಟ್ಟಿಲು ಇಲ್ಲ. ಹೆಗಲು ನುಣುಪಾಗಿ ಇಳಿಯುತ್ತದೆ. ನೆತ್ತಿ ಪಶ್ಚಿಮಕ್ಕೆ ಸರಿದಿದೆ. ಮೆಟ್ಟಿಲ ನೆರಳಲ್ಲಿ ಮಸುಕಾಗಿದ್ದ ದಿಬ್ಬದ ಆಚೆಯ ಅಂಚು ಪೂರ್ತಿ ಎದ್ದುಬಂದಿದೆ, ಅಲೆ ಬಂದು ಬಡಿದು ಈಗಷ್ಟೇ ಹಿಂದೆ ಸರಿದ ಹಾಗೆ. ಇಷ್ಟು ಚೆಂದದ್ದನ್ನು ಉಪ್ಪಿನ ಕೆಳಗೆ ನಾನು ಯಾವತ್ತೂ ಕಂಡಿಲ್ಲ.

ಅವಳು ತಪ್ಪೆಂದು ತೋರಿಸಲು ಹೊರಟು, ಅವಳಿಗೆ ಗೊತ್ತಿದ್ದುದಕ್ಕಿಂತ ಅವಳು ಹೆಚ್ಚು ಸರಿ ಎಂದು ತೋರಿಸಿಬಿಟ್ಟಿದ್ದೇನೆ. ನನ್ನ ಒಂಟೆ ಇಲ್ಲೂ ಏಳಲಿಲ್ಲ. ಹುಡುಕಿದೆ. ಬಯಲು.

ಚಿತ್ರದ ಮೂಲೆಯಲ್ಲಿ ಸ್ವಲ್ಪ ಗದ್ದಲ, ಬೇಡದ ಕಂಪನದ ಕಲೆ, ಉಳಿದಿತ್ತು. ಅದನ್ನು ಹಾಗೇ ಬಿಡಬಹುದಿತ್ತು. ಮಧ್ಯಾಹ್ನವೆಲ್ಲ ಕೂತು ತೆಗೆದೆ, ಊಟ ಮರೆತೆ.

ಏಪ್ರಿಲ್ 7

ರಾಜಧಾನಿ ಅಸ್ತಾನಾದಿಂದ ಒಬ್ಬ ಪರಿಣತ ಬಂದಿದ್ದ, ಸಭೆಗೆ ಮುಂಚೆ ಎರಡೂ ವಾದ ಕೇಳಿಹೋಗಲು. ಮೊನಚು ಬೂಟು. ಅಕ್‌ಬೋಪೆಯ ಚಿತ್ರದ ಮುಂದೆ ನಿಂತು ತಲೆ ವಾಲಿಸಿದ.

"ಬಹಳ ಮುದ್ದಾಗಿದೆ ತಂಗಿ. ಆದ್ರೆ ಈ ಹವಳದ ದಿಬ್ಬ ನೆಲದಲ್ಲಿದೆಯೋ ನಿಮ್ ಯಂತ್ರದಲ್ಲಿದೆಯೋ? ಈಗಿನ ಯಂತ್ರಗಳಿಗೆ ಹೂ ಬೇಕು ಅಂದ್ರೆ ಹೂ ಬಿಡಿಸ್ತಾವೆ."

ಅವನ ಧಾಟಿ ನನಗೆ ಸರಿಬೀಳಲಿಲ್ಲ. ಅಷ್ಟೇ ಕಾರಣ.

"ನೀವು ಉಪ್ಪಿನ ಹೊರಚಾಚು ನೋಡಿದ್ರಾ?" ಎಂದೆ ಹಿಂದಿನ ಸಾಲಿನಿಂದ. "ಅದನ್ನ ಲೆಕ್ಕಕ್ಕೆ ತಗೊಳ್ದೆ ಇದ್ರೆ ಕೆಳಗಿನದೆಲ್ಲ ಕದಡಿಹೋಗ್ತಿತ್ತು. ಅವಳು ತಗೊಂಡಿದಾಳೆ, ಅದಕ್ಕೇ ಅಂಚು ನಿಂತಿದೆ. ಯಂತ್ರ ಬಿಡಿಸಿದ ಹೂವಿಗೆ ಪೂರ್ವದ ಹೆಗಲು ಅಷ್ಟು ನುಣುಪಾಗಿ ಇಳಿಯಲ್ಲ ಸ್ವಾಮಿ. ಕಲ್ಲು ಮಾತ್ರ ಹಾಗೆ ಇಳಿಯತ್ತೆ!"

ಧ್ವನಿ ಏರಿತ್ತು ಅಂತ ಕಾಣುತ್ತದೆ. ಎಲ್ಲರೂ ತಿರುಗಿದ್ದರು. ಪರಿಣತ ಏನನ್ನೋ ಬರೆದುಕೊಂಡ. ತುರಾರ್ ಬಾಯಿ ತೆರೆದಿದ್ದ.

ಆಮೇಲೆ ಕಾರಿಡಾರಿನಲ್ಲಿ ಅಕ್‌ಬೋಪೆ ಅಡ್ಡ ನಿಂತಳು.

"ಎಸೆಕೆ, ನೀವು ನನ್ ಚಿತ್ರ ನೋಡೇ ಇಲ್ಲವಲ್ಲ."

ನಾನು ಪಕ್ಕಕ್ಕೆ ಸರಿದೆ, ಅವಳೂ ಸರಿದಳು.

"ಕಾಣಿಕೆ ಕೊಡ್ದೆ ನೋಡಿದೀರಿ. ಹೋಗ್ಲಿ ಬಿಡಿ, ಕಳ್ಳನೋಟಕ್ಕೆ ನಾನು ದಂಡ ಹಾಕಲ್ಲ." ಹಲ್ಲಿನ ಸಂದಿ ಕಾಣುವಂತೆ ನಕ್ಕಳು. ಆಮೇಲೆ ನಗು ನಿಂತಿತು. "ಆದ್ರೆ ನನ್ ಚಿತ್ರದಲ್ಲಿ ಪೂರ್ವದ ಹೆಗಲು ನುಣುಪಾಗಿಲ್ಲ. ಅಲ್ಲೊಂದು ಮೆಟ್ಟಿಲಿದೆ. ನೀವು ಯಾವ ಚಿತ್ರದ ಮಾತಾಡ್ತಿದ್ರಿ?"

ನಾಳೆ ಹೇಳುತ್ತೇನೆ ಅಂದೆ.

ಏಪ್ರಿಲ್ 8

ಬೆಳಿಗ್ಗೆ ಬಾಲ್ಜಿಯಾಳ ಹೂವಿನ ಶಾಲನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಸಿಕ್ಕಿಬಿದ್ದೆ.

"ಯಾರಿಗೆ?" ಎಂದಳು.

"ಕಂಪ್ಯೂಟರಿಗೆ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಇಸ್ತ್ರಿ ಮಾಡಿದ್ದು ತಗೊಂಡು ಹೋಗಿ. ಅದು ಸುಕ್ಕಾಗಿದೆ," ಎಂದು ಬೇರೆ ಶಾಲು ಕೊಟ್ಟಳು.

ನನ್ನ ಪರದೆಗೆ ಶಾಲು ಹೊದಿಸಿ ಅಕ್‌ಬೋಪೆಯನ್ನು ಕರೆದೆ. ಬಂದು ನಿಂತಳು. ನಾನು ಪರದೆಗೆ ಅಡ್ಡ ನಿಂತೆ.

"ಮೊದಲು ಕಾಣಿಕೆ."

"ಅಯ್ಯೋ ದೇವ್ರೇ!" ಜೇಬುಗಳನ್ನೆಲ್ಲ ತಡಕಿದಳು. ಕೊನೆಗೆ ಸಿಕ್ಕಿದ್ದು ಒಂದು ಕುರ್ತ್, ಒಣಗಿಸಿದ ಮೊಸರಿನ ಉಂಡೆ, ಅದಕ್ಕೆ ಉಣ್ಣೆಯ ಎಳೆ ಬೇರೆ ಅಂಟಿತ್ತು. "ಇದೇ ಇರೋದು. ತಗೋತೀರಾ?"

ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಕಲ್ಲಿನಷ್ಟು ಗಟ್ಟಿ, ಬರೀ ಉಪ್ಪು. ಅದು ಸ್ವಲ್ಪವಾದರೂ ಕರಗುವವರೆಗೆ ಮಾತಾಡುವ ಹಾಗಿರಲಿಲ್ಲ. ಒಳ್ಳೆಯದೇ ಆಯಿತು. ಶಾಲು ಸರಿಸಿದೆ.

ಅವಳು ಉದ್ಗರಿಸಲಿಲ್ಲ. ಕುರ್ಚಿ ಎಳೆದು ಕೂತಳು. ಕಣ್ಣು ತಾಗದಿರಲೆಂದು ಮೂರು ಸಲ ತೂ ತೂ ಅಂದಳು. ಆಮೇಲೆ ಬೆರಳಿಟ್ಟು ಕೇಳಿದಳು, "ಮೆಟ್ಟಿಲೆಲ್ಲಿ?"

ಗೋರಿಗಳನ್ನು, ಕೊಸಾಯ್‌ನನ್ನು, ದಿಣ್ಣೆಯನ್ನು, ನೆಟ್ಟಗಿನ ಗೆರೆಯನ್ನು ಹೇಳಿದೆ. ಕುರ್ತ್ ಇನ್ನೂ ಬಾಯಲ್ಲಿತ್ತು.

"ನಾನು ಬಾವಿ ಅಲ್ಲೇ ಹಾಕ್ತಿದ್ದೆ," ಎಂದಳು ಮೆಲ್ಲಗೆ. "ನಾಡಿದ್ದೇ ಸಭೆ." ಆಮೇಲೆ, "ನಿಮಗೆ ಯಾವಾಗ ಗೊತ್ತಾಯ್ತು?"

"ಅಮಲ್‌ಗೆ ಮುಂಚೆ."

ಅವಳು ಪರದೆಯನ್ನೇ ನೋಡುತ್ತಿದ್ದಳು. "ಆವತ್ತು ಒಂದೇ ಕೈ ಕೊಟ್ರಿ," ಎಂದಳು. ಬೈದಿದ್ದರೆ ವಾಸಿಯಿತ್ತು.

ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತು ನೋಡುವ ಅಗತ್ಯವಿರಲಿಲ್ಲ. ಎದ್ದು ಹೋಗುವಾಗ ಎರಡೂ ಕೈ ಚಾಚಿದಳು. ಇವತ್ತು ನನ್ನ ಕೈಯಲ್ಲಿ ಬಟ್ಟಲಿರಲಿಲ್ಲ.

ಏಪ್ರಿಲ್ 10

ಸಭೆ. ಬಾವಿಯ ಜಾಗ ಗೊತ್ತಾಯಿತು: ದಿಬ್ಬದ ನೆತ್ತಿ, ಪಶ್ಚಿಮಕ್ಕೆ. ತಿದ್ದಿದ್ದು ಯಾರೆಂದು ಅಕ್‌ಬೋಪೆ ಹೇಳಿದಳು. ಒಂದು ವಾಕ್ಯದಲ್ಲಿ, ಜಾಸ್ತಿ ಹೊಗಳದೆ. ಹಾಗೆ ಹೇಳಲು ಎಲ್ಲಿ ಕಲಿತಳೋ. ಹೊಸ ನಕ್ಷೆಯಲ್ಲಿ ಬೋಜಿಂಗೆನ್ ಹೆಸರಿಲ್ಲ. ತುರಾರ್ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ನದಿಯಲ್ಲಿ ಮಂಜುಗಡ್ಡೆ ಪೂರ್ತಿ ಹೋಗಿದೆ.

ಸಭೆ ಮುಗಿದ ಮೇಲೆ ಜನ ಅಕ್‌ಬೋಪೆಯ ಮೇಜನ್ನು ಮುತ್ತಿಕೊಂಡರು. ಚಿತ್ರ ಪರದೆಯ ಮೇಲೆ ಹಾಗೇ ತೆರೆದಿತ್ತು. ಅಸ್ತಾನಾದವನು ಗಾಜಿಗೆ ಬೆರಳು ತಾಗಿಸಿ ಅಂಚನ್ನು ತೋರಿಸುತ್ತಿದ್ದ, ತಾನೇ ಕಂಡುಹಿಡಿದವನ ಹಾಗೆ. ಲೆಕ್ಕಪತ್ರದವರು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದರು. ಒಬ್ಬರೂ ಕಾಣಿಕೆ ಕೊಟ್ಟಿರಲಿಲ್ಲ. ಈ ಹೊಸ ಚಿತ್ರಕ್ಕೆ ಅಕ್‌ಬೋಪೆಯ ಕುರ್ತ್ ಬಿಟ್ಟರೆ ಯಾರೂ ಏನೂ ಕೊಟ್ಟಿರಲಿಲ್ಲ. ಹೀಗೆ ಬಂದವರೆಲ್ಲ ಬಿಟ್ಟಿ ನೋಡುವುದು ನನಗೆ ಸರಿ ಕಾಣಲಿಲ್ಲ.

ಜನರ ನಡುವೆ ನುಗ್ಗಿ ಹೋಗಿ ಬಿಳಿ ಶಾಲು ಎತ್ತಿ ಪರದೆಗೆ ಹೊದಿಸಿದೆ.

"ಎಸೆಕೆ," ಎಂದಳು ಅಕ್‌ಬೋಪೆ, "ಅದು ನನ್ನ ಪರದೆ."

ಗೊತ್ತು ಅಂದೆ. ಮಡಿಕೆ ಎಡಕ್ಕೆ ಬರುವ ಹಾಗೆ ಸರಿಮಾಡಿದೆ.